ಈ ತಲೆನೋವು ಬಿಸಿಲಿಂದಲ್ಲ

ನಾನು ಕಮಲಾಪುರದವನು, ಕಲಬುರಗಿಯಲ್ಲಿ ಸ್ಕ್ಯಾನಿಂಗ್ ಕೆಲಸ ಮಾಡ್ತೀನಿ. ಇವತ್ತಿನ ಮಾತು ಅನ್ಯೂರಿಸಂ ಬಗ್ಗೆ.

ನಮ್ಮ ಕಡೆ ಏಪ್ರಿಲ್ ಬಂತಂದ್ರ ಎಲ್ಲ ತಲೆನೋವಿಗೂ ಒಂದೇ ಕಾರಣ, ಬಿಸಿಲು. ಮಜ್ಜಿಗಿ ಕುಡಿ, ಗುಳಿಗಿ ನುಂಗು, ಮಲಕೋ ಅಂತೀವಿ. ಬಹಳ ಸಲ ಅದು ಸರಿನೂ ಹೌದು.

ಸೈಕಲ್ ಟ್ಯೂಬ್ ಸವೆದ ಕಡೆ ಉಬ್ಬಿಕೊಳ್ತದಲ್ಲ, ಮೆದುಳಿನ ರಕ್ತನಾಳದಲ್ಲೂ ಹಾಗೇ ಉಬ್ಬು ಬರ್ತದೆ. ಅದೇ ಅನ್ಯೂರಿಸಂ. ನೂರು ವಯಸ್ಕರಲ್ಲಿ ಸುಮಾರು 3 ಮಂದಿಗೆ ಇರುತ್ತೆ, ಹೆಚ್ಚಿನವರಿಗೆ ಒಡೆಯೋದೇ ಇಲ್ಲ. ಬೇರೆ ಯಾವುದಕ್ಕೋ ಸ್ಕ್ಯಾನ್ ಮಾಡಿದಾಗ ಸಣ್ಣದೊಂದು ಕಂಡರೆ ‘ತಲ್ಯಾಗ ಬಾಂಬ್ ಅದ’ ಅಂತ ಮನೆಮಂದಿ ಅಳೋದು ಬೇಡ. ಗಾತ್ರ, ಜಾಗ, ವಯಸ್ಸು ನೋಡಿ ಕೆಲವರಿಗೆ ಡಾಕ್ಟರ್ ಆಗಾಗ ಸ್ಕ್ಯಾನ್ ಮಾಡಿಸಿ ಕಾಯ್ತಾರೆ, ಅಷ್ಟೇ. ಬಿಪಿ ಹಿಡಿತದಲ್ಲಿರಬೇಕು, ಬೀಡಿ-ಸಿಗರೇಟ್ ಬಿಡಲೇಬೇಕು.

ಒಡೆದಾಗಿನ ನೋವೇ ಬೇರೆ. ಸಿಡಿಲು ಬಡಿದ ಹಾಗೆ ನಿಮಿಷದೊಳಗೆ ತುದಿ ಮುಟ್ಟುತ್ತೆ. ‘ಹುಟ್ಟಿದಾಗಿಂದ ಇಂಥಾ ನೋವು ಕಂಡಿಲ್ಲ’ ಅಂತಾರೆ. ವಾಂತಿ ಆಗಬಹುದು, ಕುತ್ತಿಗೆ ಬಿಗಿಯಬಹುದು, ಎಚ್ಚರ ತಪ್ಪಬಹುದು. ಕೆಲವರಿಗೆ ನೋವು ಇಳಿದು ಆರಾಮ ಆತು ಅನ್ನಿಸುತ್ತೆ, ಅಲ್ಲೇ ಮೋಸ. ಮತ್ತೆ ರಕ್ತ ಸೋರುವ ಅಪಾಯ ಮೊದಲ 24 ತಾಸಿನಲ್ಲೇ ಹೆಚ್ಚು. ಆಸ್ಪಿರಿನ್ ಕೊಡಬೇಡಿ, 108ಕ್ಕೆ ಫೋನ್ ಮಾಡಿ.

ಕಮಲಾಪುರದಿಂದ ನೇರ ಹೈದರಾಬಾದಿಗೆ ಗಾಡಿ ಬಿಡೋರಿದ್ದಾರೆ. ಬೇಡ. ಮೊದಲು ಕಲಬುರಗಿ, ಜಿಮ್ಸ್ ಇರಲಿ ಬೇರೆ ಇರಲಿ, ಸಿ.ಟಿ. ಆಗಲಿ. ನೋವು ಶುರುವಾದ 6 ತಾಸಿನೊಳಗೆ ಸಿ.ಟಿ. ಆದರೆ ಸೋರಿದ ರಕ್ತ ಬಹುತೇಕ ಕಂಡೇ ಕಾಣುತ್ತೆ. ತಡವಾದರೆ ಬೆನ್ನಿನಿಂದ ನೀರು ತೆಗೆದು ನೋಡಬೇಕಾದೀತು. ಅದಕ್ಕೇ ನೋವು ಎಷ್ಟೊತ್ತಿಗೆ ಶುರುವಾಯ್ತು ಅಂತ ಬರೆದಿಟ್ಟುಕೊಳ್ಳಿ. ಆಮೇಲೆ ಸೊಲ್ಲಾಪುರವೋ, ಹೈದರಾಬಾದೋ, ಬೆಂಗಳೂರಿನ ನಿಮ್ಹಾನ್ಸೋ, ಡಾಕ್ಟರ್ ಹೇಳಿದ ಕಡೆ ಹೋಗಿ.

ಚಿಕಿತ್ಸೆ ಮುಖ್ಯವಾಗಿ ಎರಡು. ತಲೆಬುರುಡೆ ತೆರೆದು ಉಬ್ಬಿನ ಬುಡಕ್ಕೆ ಕ್ಲಿಪ್ ಹಾಕೋದು ಒಂದು. ಇನ್ನೊಂದು ಕಾಯಿಲ್: ತೊಡೆಸಂದಿನ ಅಥವಾ ಮುಂಗೈಯ ರಕ್ತನಾಳದಿಂದ ಸಣ್ಣ ನಳಿಗೆ ಏರಿಸಿ, ಉಬ್ಬಿನೊಳಗೆ ಪ್ಲಾಟಿನಂ ತಂತಿ ಸುತ್ತಿ ತುಂಬೋದು. 2002ರ ಐಸ್ಯಾಟ್ ಅಧ್ಯಯನದಲ್ಲಿ ಎರಡಕ್ಕೂ ಸರಿಹೊಂದುವ, ಅನ್ಯೂರಿಸಂ ಒಡೆದ 2143 ರೋಗಿಗಳನ್ನ ನೋಡಿದರು. ವರ್ಷದೊಳಗೆ ಸತ್ತವರು ಅಥವಾ ಪರಾಧೀನರಾದವರು ಕಾಯಿಲ್‌ನಲ್ಲಿ ನೂರಕ್ಕೆ 23.7, ಕ್ಲಿಪ್‌ನಲ್ಲಿ 30.6. ಹಂಗಂತ ಕಾಯಿಲೇ ಬೇಕು ಅಂತ ಹಟ ಹಿಡೀಬೇಡಿ. ಕೆಲವು ಉಬ್ಬಿನ ಬಾಯಿ ಅಗಲ, ತಂತಿ ನಿಲ್ಲೋದಿಲ್ಲ.

ಇನ್ನೊಂದು. ಅಪ್ಪ-ಅವ್ವ, ಅಣ್ಣ-ತಮ್ಮ, ಅಕ್ಕ-ತಂಗಿ, ಇವರಲ್ಲಿ ಇಬ್ಬರಿಗೆ ಇದು ಬಂದಿದ್ದರೆ, ನಮಗೂ ಎಂ.ಆರ್. ಆಂಜಿಯೋ ಬೇಕೇನ್ರಿ ಅಂತ ಡಾಕ್ಟರನ್ನ ಕೇಳಿ.