ನಾಯಿಯ ಮೈಮೇಲಿನ ಕಲೆ: ಎಲ್ಲವೂ ಕಜ್ಜಿಯಲ್ಲ

(ಹುಚ್ಚುನಾಯಿ ರೋಗದ ಲಸಿಕೆ ಶಿಬಿರದಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ವೈದ್ಯರು ಎದುರಿಗಿರುವಾಗ ಎಸ್.ಎಸ್.ಎಲ್.ಸಿ. ಕಲಿತ ನಾನು ರೋಗದ ವಿಷಯ ಮಾತನಾಡುವುದು ಅಧಿಕಪ್ರಸಂಗವೇ ಸರಿ. ಆದರೆ ಅಧ್ಯಕ್ಷರು, "ನೀವು ಪೆಟ್ಟು ತಿಂದವರು, ನೀವೇ ಹೇಳಿ" ಅಂದರು. ಹಾಗಾಗಿ ನಿಂತಿದ್ದೇನೆ.

ನಮ್ಮಲ್ಲಿ ಬೊಳ್ಳು ಅಂತ ಒಂದು ನಾಯಿ ಇತ್ತು. ಹೆಸರಿಗೆ ತಕ್ಕ ಹಾಗೆ ಬಿಳಿ. ತೋಟಕ್ಕೆ ಮಂಗ, ಹಂದಿ ಬಾರದ ಹಾಗೆ ಕಾಯ್ದದ್ದು ಅದುವೇ. ಒಂದು ಮಳೆಗಾಲದ ಕೊನೆಗೆ ಅದರ ಹೊಟ್ಟೆಯಲ್ಲಿ ಕೆಂಪು ಚುಕ್ಕೆಗಳು ಕಂಡವು. ಕಜ್ಜಿ ಅಂತ ನಾನೇ ತೀರ್ಮಾನಿಸಿ, ಸುಟ್ಟ ಆಯಿಲಿಗೆ ಗಂಧಕ ಕಲಸಿ ಬಳಿದೆ. ಎರಡು ದಿನ ಅನ್ನ ಮುಟ್ಟಲಿಲ್ಲ; ಆಯಿಲಿನ ವಾಸನೆಗೆ ಇರಬೇಕು ಅಂದುಕೊಂಡೆ. ಐದನೇ ದಿನ ಮೂಗಿನಲ್ಲಿ ರಕ್ತ! ಆಗ ರಿಕ್ಷಾ ಮಾಡಿಕೊಂಡು ಓಡಿದೆ. ವೈದ್ಯರು ಕಿವಿಯೊಳಗೆ, ಬೆರಳ ಸಂದಿಯಲ್ಲಿ ಕಚ್ಚಿಕೊಂಡಿದ್ದ ಉಣುಗುಗಳನ್ನು ತೋರಿಸಿ, "ಇದು ಕಜ್ಜಿಯಲ್ಲ ಮಾರಾಯ್ರೆ, ಉಣುಗಿನ ಜ್ವರ. ಚರ್ಮದ ಒಳಗೆ ರಕ್ತ ಜಿನುಗಿದ ಕಲೆ ಇದು" ಅಂದರು. ಬೊಳ್ಳು ಉಳಿಯಲಿಲ್ಲ.

ಆ ಮೇಲೆ ಅವರಿಂದ ಕಲಿತದ್ದು ಇಷ್ಟು. ಕಲೆಯ ಮೇಲೆ ಗಾಜಿನ ಲೋಟದ ತಳ ಒತ್ತಿ ನೋಡಿ. ಕೆಂಪು ಮಾಯವಾದರೆ ಅದು ಹೆಚ್ಚಾಗಿ ಬರೇ ಉರಿಯೂತ. ಒತ್ತಿದರೂ ಹಾಗೇ ಉಳಿದರೆ ಒಳಗೆ ರಕ್ತ ಸೋರಿದೆ ಅಂತ ಲೆಕ್ಕ. ಅಂಥ ಕಲೆಗೆ ಸಾಮಾನ್ಯವಾಗಿ ತುರಿಕೆ ಇರುವುದಿಲ್ಲ. ಜೊತೆಗೆ ಜ್ವರ, ಒಸಡು ಬಿಳಿಚುವುದು, ಊಟ ಬಿಡುವುದು ಕಂಡರೆ ಒಂದು ದಿನವೂ ಕಾಯಬೇಡಿ. ಬೇಗ ಗೊತ್ತಾದರೆ ಹೆಚ್ಚಿನವು ಗುಣವಾಗುತ್ತವೆ. ಡಾಕ್ಸಿಸೈಕ್ಲಿನ್ ಮಾತ್ರೆ ಕೊಟ್ಟರೆ ಸುಮಾರು ನಾಲ್ಕು ವಾರ ತಪ್ಪದೆ ಹಾಕಬೇಕು, ನಾಯಿ ಚುರುಕಾಯಿತೆಂದು ನಡುವೆ ಬಿಡುವ ಹಾಗಿಲ್ಲ. ಉಣುಗಿನಿಂದಲೇ ಬರುವ ಇನ್ನೊಂದು ಜ್ವರಕ್ಕೆ ಮದ್ದೇ ಬೇರೆ, ಅದನ್ನು ರಕ್ತಪರೀಕ್ಷೆ ಮಾಡಿ ವೈದ್ಯರೇ ಹೇಳಬೇಕು.

ನಿಜವಾದ ಕಜ್ಜಿ ಕಿವಿಯ ಅಂಚು, ಮೊಣಕೈಯಿಂದ ಶುರುವಾಗುತ್ತದೆ. ನಾಯಿ ರಾತ್ರಿ ಹಗಲು ಕೆರೆಯುತ್ತದೆ, ಎತ್ತಿಕೊಂಡ ಮಕ್ಕಳಿಗೂ ತುರಿಕೆ ಬರುತ್ತದೆ. ಬಾಲದ ಬುಡದಲ್ಲಿ ಮಾತ್ರ ಕಚ್ಚಿಕೊಳ್ಳುತ್ತಿದ್ದರೆ ಚಿಗಟ ಹುಡುಕಿ. ದುಂಡಗೆ ಕೂದಲು ಹೋದರೆ ಗಜಕರ್ಣ ಇರಬಹುದು. ಅದು ಹಟ್ಟಿಯ ಕರುವಿಗೂ ಹರಡುತ್ತದೆ. ಇನ್ನು ಮರಿಗಳಿಗೆ ಕಣ್ಣು, ಬಾಯಿಯ ಸುತ್ತ ಕೂದಲು ಉದುರಿ, ತುರಿಕೆ ಅಷ್ಟಿಲ್ಲದಿದ್ದರೆ ಅದು ಬೇರೊಂದು ಹುಳದ್ದು, ಬೇರೆ ನಾಯಿಗಾಗಲಿ ಮನುಷ್ಯರಿಗಾಗಲಿ ಅಂಟುವಂಥದ್ದಲ್ಲ. ಅಂಥ ಮರಿಗಳನ್ನು ಗೋಣಿಯಲ್ಲಿ ಹಾಕಿ ಪೇಟೆಯ ಬದಿಗೆ ಬಿಟ್ಟು ಬರುವವರು ನಮ್ಮಲ್ಲೇ ಇದ್ದಾರೆ. ಚರ್ಮ ಸ್ವಲ್ಪ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಯಾವ ಹುಳ ಅಂತ ತಿಳಿಯುತ್ತದೆ.

ಸುಟ್ಟ ಆಯಿಲು, ಸೀಮೆಎಣ್ಣೆ, ತೋಟಕ್ಕೆ ಬಿಡುವ ಕೀಟನಾಶಕ, ಇವು ಯಾವುದೂ ಬೇಡ. ನಾಯಿ ಮೈ ನೆಕ್ಕುವ ಪ್ರಾಣಿ, ಹಚ್ಚಿದ್ದೆಲ್ಲ ಹೊಟ್ಟೆಗೇ ಹೋಗುತ್ತದೆ. ದನಕ್ಕೆ ತಂದ ಉಣುಗಿನ ಮದ್ದು, ಇಂಜೆಕ್ಷನ್ನು ಉಳಿದಿದೆ ಅಂತ ಅಂದಾಜಿನಲ್ಲಿ ನಾಯಿಗೆ ಹಾಕಬೇಡಿ; ಪ್ರಮಾಣ ತೂಕದ ಮೇಲೆ ಹೋಗುತ್ತದೆ. ನಾಯಿಗೆ ಹಚ್ಚುವ ಕೆಲವು ಮದ್ದು ಬೆಕ್ಕಿಗೆ ವಿಷ, ಅದೂ ನೆನಪಿರಲಿ.

ನಾಯಿಗೆ ಮಾತ್ರ ಮದ್ದು ಮಾಡಿದರೆ ಅರ್ಧ ಕೆಲಸ. ಒಂದು ಹೆಣ್ಣು ಉಣುಗು ಸಾವಿರಾರು ಮೊಟ್ಟೆ ಇಡುತ್ತದೆ, ಅದೂ ನಾಯಿಯ ಮೈಯಲ್ಲಲ್ಲ, ಕೆಂಪುಕಲ್ಲಿನ ಗೋಡೆಯ ಬಿರುಕಿನಲ್ಲಿ. ಬಿರುಕಿಗೆ ಸಿಮೆಂಟು ಮೆತ್ತಿ, ಮಲಗುವ ಗೋಣಿಯನ್ನು ಸುಡಿ. ಉಣುಗನ್ನು ಉಗುರಿನಿಂದ ಚಿವುಟಬೇಡಿ. ಚಿಮಟದಲ್ಲಿ ಬುಡ ಹಿಡಿದು ನೇರ ಎಳೆದು ಡೀಸೆಲ್ ಹಾಕಿದ ಗೆರಟೆಗೆ ಹಾಕಿ.

ಮಂಗನ ಕಾಯಿಲೆಯ ಹೆದರಿಕೆಯಿಂದ ನಾಯಿಯನ್ನೇ ಓಡಿಸುವವರಿಗೆ ಒಂದು ಮಾತು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಗುರುತಿಸಿದ ಆ ರೋಗ 1982-83ರಲ್ಲಿ ನಮ್ಮ ಬೆಳ್ತಂಗಡಿಯ ನಿಡ್ಲೆ ಕಡೆ ಎಷ್ಟೋ ಜೀವ ತೆಗೆದದ್ದು ಹಿರಿಯರಿಗೆ ಗೊತ್ತುಂಟು. ಅದನ್ನು ಮುಖ್ಯವಾಗಿ ಹರಡುವುದು ಕಾಡಿನ ಉಣುಗು. ಅಂಗಳದ ನಾಯಿಯ ಮೈಯಲ್ಲಿ ಸಾಮಾನ್ಯವಾಗಿ ಕಾಣುವ ಕಂದು ಉಣುಗಿನ ಜಾತಿಯೇ ಬೇರೆ. ಆದರೂ ಕಾಡಿಗೆ ಹೋಗಿ ಬಂದ ನಾಯಿಯ ಮೈ ತಡವಿ ನೋಡುವುದು ಒಳ್ಳೆಯದು.

ಇವತ್ತು ಲಸಿಕೆಗೆ ಮೊದಲು ನಿಮ್ಮ ನಾಯಿಯನ್ನು ಒಮ್ಮೆ ಮಗುಚಿ ಹೊಟ್ಟೆ ನೋಡಿ. ಕಲೆಯೋ ಜ್ವರವೋ ಇದ್ದರೆ ಸಿರಿಂಜು ತೆಗೆಯುವ ಮೊದಲೇ ವೈದ್ಯರಿಗೆ ತಿಳಿಸಿ. ಸರದಿಯ ಚೀಟಿ ಕಾರ್ಯದರ್ಶಿಗಳ ಹತ್ತಿರ ಉಂಟು.