ವಿಜ್ಞಾನ ಸಂಘದ ವಾರ್ಷಿಕ ಸಭೆಯೂ ಹಳ್ಳಿಯ ಕೊಳವೆಬಾವಿಯೂ



ಗುರುಗುಂಟಾದಲ್ಲಿ ವರ್ಷಕ್ಕೊಮ್ಮೆ ಜನ ನೆರೆಯುವುದೆಂದರೆ ಅಮರೇಶ್ವರನ ಜಾತ್ರೆಗೆ. ಅಂಥ ಊರಿನಲ್ಲಿ ವಿಜ್ಞಾನ ಸಂಘವೊಂದರ ವಾರ್ಷಿಕ ಮಹಾಸಭೆಯ ಮಾತೆತ್ತುವುದು ಕೆಲವರಿಗೆ ವಿಚಿತ್ರವೆನಿಸೀತು. ಕಾರ್ಯದರ್ಶಿಯ ವರದಿ, ಖಜಾಂಚಿಯ ಲೆಕ್ಕಪತ್ರ, ಪದಾಧಿಕಾರಿಗಳ ಆಯ್ಕೆ, ವಂದನಾರ್ಪಣೆ, ಊಟ. ಇದರಲ್ಲಿ ರೈತನಿಗೇನು ಕೆಲಸ? ಆದರೆ ಈ ಸೀಮೆಯ ನೆಲದಡಿಯ ಕಲ್ಲಿನ ಬಗೆಗೆ ವಿದ್ವಾಂಸರು ಕಂಡುಕೊಂಡದ್ದರಲ್ಲಿ ಸಾಕಷ್ಟು ಭಾಗ ಅಚ್ಚಾಗಿರುವುದು ಅಂಥದೊಂದು ಸಂಘದ ಪತ್ರಿಕೆಯಲ್ಲಿಯೇ.

ಭಾರತೀಯ ಭೂವೈಜ್ಞಾನಿಕ ಸಂಘವು 1958ರ ಮೇ 28ರಂದು ಬೆಂಗಳೂರಿನಲ್ಲಿ ಸ್ಥಾಪನೆಯಾಯಿತು. ಡಿ. ಎನ್. ವಾಡಿಯಾ ಮೊದಲ ಅಧ್ಯಕ್ಷರು. ಮೈಸೂರು ಭೂವಿಜ್ಞಾನ ಇಲಾಖೆಯ ಬಿ. ಪಿ. ರಾಧಾಕೃಷ್ಣ ಅವರು ಕಾರ್ಯದರ್ಶಿಗಳು. 1959ರಲ್ಲಿ ಸಂಘದ ಪತ್ರಿಕೆಯ ಮೊದಲ ಸಂಪುಟ ಹೊರಬಂದಿತು. ಮೊದಲು ವರ್ಷಕ್ಕೊಂದರಂತೆ ಬರುತ್ತಿದ್ದುದು ಕ್ರಮೇಣ ಮಾಸಪತ್ರಿಕೆಯಾಯಿತು. ಈ ಬೆಳವಣಿಗೆಯ ಹಿಂದೆ ಶಿಲೆಗಳ ಜ್ಞಾನವಿದ್ದಷ್ಟೇ ಜಮಾ-ಖರ್ಚಿನ ಜ್ಞಾನವೂ ಇರಲೇಬೇಕು.

ಇಂಥ ಸಂಘಗಳ ಆರ್ಥಿಕ ಕಷ್ಟ ಹೊರಗಿನವರಿಗೆ ತಿಳಿಯದು. ಆಜೀವ ಸದಸ್ಯತ್ವವನ್ನೇ ನೋಡಿ. ಸದಸ್ಯನು ಒಮ್ಮೆ ಹಣ ಕಟ್ಟುತ್ತಾನೆ. ಪತ್ರಿಕೆಯನ್ನು ಅವನಿಗೆ ಮೂವತ್ತು ನಲವತ್ತು ವರ್ಷ ಕಳುಹಿಸುತ್ತಿರಬೇಕು. ಆ ಮೊತ್ತವನ್ನು ಠೇವಣಿಯಲ್ಲಿಟ್ಟು ಬಡ್ಡಿಯನ್ನಷ್ಟೇ ಬಳಸಿದರೆ ಸಂಘ ಬಾಳುತ್ತದೆ. ಆ ವರ್ಷದ ಮುದ್ರಣದ ಬಾಕಿ ತೀರಿಸಲು ಅದನ್ನೇ ಕರಗಿಸಿದರೆ, ಸದಸ್ಯರು ಹೆಚ್ಚಿದಷ್ಟೂ ಸಂಘ ಬಡವಾಗುತ್ತದೆ! ಇದನ್ನು ಪ್ರಶ್ನಿಸಬೇಕಾದ ಸ್ಥಳವೇ ವಾರ್ಷಿಕ ಸಭೆ. ಆದರೆ ಹಲವು ಸಂಘಗಳಲ್ಲಿ ಕೋರಂ ಇಲ್ಲವೆಂದು ಸಭೆಯನ್ನು ಅರ್ಧ ಗಂಟೆ ಮುಂದೂಡಿ, ಅದೇ ಹತ್ತು ಮಂದಿಯೇ ಅದೇ ಕುರ್ಚಿಗಳಲ್ಲಿ ಕುಳಿತು ಲೆಕ್ಕವನ್ನು ಸರ್ವಾನುಮತದಿಂದ ಅಂಗೀಕರಿಸುತ್ತಾರೆ.

ಒಬ್ಬ ವ್ಯಕ್ತಿಯ ಹೆಗಲ ಮೇಲೆ ಸಂಸ್ಥೆ ನಿಲ್ಲುವುದೂ ಉಂಟು. ಸಿ. ವಿ. ರಾಮನ್ ಅವರು 1934ರಲ್ಲಿ ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿಯನ್ನು ಸ್ಥಾಪಿಸಿ, 1970ರಲ್ಲಿ ನಿಧನರಾಗುವವರೆಗೂ ಅದರ ಅಧ್ಯಕ್ಷರಾಗಿದ್ದರು. ರಾಧಾಕೃಷ್ಣ ಅವರೂ ಕಾರ್ಯದರ್ಶಿ, ಸಂಪಾದಕ, ಅಧ್ಯಕ್ಷರಾಗಿ ದಶಕಗಳ ಕಾಲ ಭೂವೈಜ್ಞಾನಿಕ ಸಂಘವನ್ನು ನಡೆಸಿದರು, 2012ರಲ್ಲಿ ತೀರಿಕೊಂಡರು. ಇಂಥ ನಿಷ್ಠೆಯಿಲ್ಲದೆ ಪತ್ರಿಕೆಗಳು ಹುಟ್ಟವು. ಆದರೆ ಮುಂದಿನವರನ್ನು ಸಿದ್ಧಪಡಿಸುವ ಹೊಣೆ ಮಹಾಸಭೆಯದು.

ಇನ್ನು ಈ ಸೀಮೆಯ ವಿಷಯ. ಗುರುಗುಂಟಾದ ಸಮೀಪದ ಹಟ್ಟಿಯಲ್ಲಿ ಪ್ರಾಚೀನರೇ ಬಂಗಾರ ತೆಗೆದಿದ್ದರು. 1947ರಲ್ಲಿ ನಿಜಾಮರ ಆಳ್ವಿಕೆಯಲ್ಲಿ ಹೈದರಾಬಾದ್ ಚಿನ್ನದ ಗಣಿ ಕಂಪನಿ ಆರಂಭವಾಯಿತು. ರಾಜ್ಯ ಪುನರ್ವಿಂಗಡಣೆಯ ತರುವಾಯ ಅದಕ್ಕೆ ಹಟ್ಟಿಯ ಹೆಸರು ಬಂದಿತು. 2001ರಲ್ಲಿ ಕೋಲಾರದ ಗಣಿ ಮುಚ್ಚಿದ ಮೇಲೆ ಹಟ್ಟಿಯ ಮಹತ್ವ ಇನ್ನಷ್ಟು ಬೆಳೆಯಿತು. 1915ರಲ್ಲಿ ಮಸ್ಕಿಯ ಅಶೋಕ ಶಾಸನವನ್ನು ಮೊದಲು ಕಂಡ ಬೀಡನ್ ಕೂಡ ಚಿನ್ನ ಅರಸುತ್ತ ಬಂದಿದ್ದ ಎಂಜಿನಿಯರನೇ!

ಚಿನ್ನವಿರುವ ಶಿಲೆಯಲ್ಲಿ ಆರ್ಸೆನಿಕ್ ಬೆರೆತ ಖನಿಜವೂ ಹಲವೆಡೆ ಇರುವುದು ಭೂವಿಜ್ಞಾನಿಗಳಿಗೆ ಹಳೆಯ ಸಂಗತಿ. ಆದರೂ ಕೃಷ್ಣೆಯ ಆಚೆಗಿನ ಸುರಪುರ ಸೀಮೆಯ ಕಿರದಳ್ಳಿ ತಾಂಡಾದ ಜನ ಆರ್ಸೆನಿಕ್ ಬೆರೆತ ನೀರನ್ನೇ ಕುಡಿದರು. ಅವರ ಅಂಗೈ ಅಂಗಾಲುಗಳ ಚರ್ಮದಲ್ಲಿ ರೋಗ ಕಂಡ ಮೇಲೆ ಪರೀಕ್ಷೆ ನಡೆಯಿತು. ಆ ಹಳೆಯ ಚಿನ್ನದ ಗಣಿ ಪ್ರದೇಶದ ಕುರಿತ ಅಧ್ಯಯನ 2013ರಲ್ಲಿ ಅಂತಾರಾಷ್ಟ್ರೀಯ ಪತ್ರಿಕೆಯೊಂದರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾಯಿತು. ತಾಂಡಾದ ತಾಯಂದಿರು ಅದನ್ನು ಓದುವ ಬಗೆ ಹೇಗೆ? ಕಲ್ಲಿನ ಜ್ಞಾನ ಗ್ರಂಥಾಲಯದಲ್ಲಿ, ಕೊಳವೆಬಾವಿ ಕೊರೆಯುವ ಯಂತ್ರ ಊರಿನಲ್ಲಿ. ಇವೆರಡೂ ಎದುರಾಗಲೇ ಇಲ್ಲ.

ಗುರುಗುಂಟಾದ ನೀರಿನಲ್ಲಿ ಆರ್ಸೆನಿಕ್ ಇದೆಯೆಂದು ಇದರ ಅರ್ಥವಲ್ಲ; ಪರೀಕ್ಷಿಸದೆ ಹಾಗೆ ಹೇಳುವುದು ವಿಜ್ಞಾನವಲ್ಲ. ನಾರಾಯಣಪುರ ಬಲದಂಡೆ ಕಾಲುವೆಯ ನೀರು ತಾಲ್ಲೂಕಿನ ಹೊಲಗಳಿಗೆ ಬಂದಿದ್ದರೂ, ಕುಡಿಯಲು ಕೊಳವೆಬಾವಿಯನ್ನೇ ನೆಚ್ಚಿದ ಮನೆಗಳು ಇಂದಿಗೂ ಇವೆ. ಆದ್ದರಿಂದ ಸಂಘಗಳ ಕಾರ್ಯಸೂಚಿಯಲ್ಲಿ ಒಂದು ಬಾಬು ಸೇರಬೇಕು. ಯಾವ ಜಿಲ್ಲೆಯ ನೆಲವನ್ನು ಕುರಿತು ಲೇಖನ ಅಚ್ಚಾಯಿತೋ ಆ ಜಿಲ್ಲೆಗೆ ಅದರ ಸಾರ ಕನ್ನಡದಲ್ಲಿ ಹೋಗಬೇಕು. ಅದರ ವೆಚ್ಚವನ್ನು ಆಯವ್ಯಯದಲ್ಲಿಯೇ ತೋರಿಸಬೇಕು. ಕನ್ನಡದಲ್ಲಿ ಇದು ಆಗದ ಕೆಲಸವಲ್ಲ. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲ ವಿಜ್ಞಾನ’ ಅದನ್ನು ತೋರಿಸಿಕೊಟ್ಟಿದೆ. ವಾರ್ಷಿಕ ಸಭೆಯ ಒಂದು ದಿನವನ್ನಾದರೂ ನಗರದ ಸಭಾಂಗಣದಿಂದ ಹೋಬಳಿಗೆ ತರಬಹುದು.

ಅಲ್ಲಿಯವರೆಗೆ ಊರಿನವರು ಕಾಯಬೇಕಾಗಿಲ್ಲ. ಮುಂದಿನ ಗ್ರಾಮಸಭೆಯಲ್ಲಿ ಪ್ರತಿಯೊಂದು ಕೊಳವೆಬಾವಿಯ ನೀರಿನ ಪರೀಕ್ಷಾ ವರದಿಯನ್ನು ಕೇಳಿರಿ. ಫ್ಲೋರೈಡ್ ಜೊತೆಗೆ ಆರ್ಸೆನಿಕ್ ಅನ್ನೂ ಅಳೆದಿದ್ದಾರೆಯೇ, ಯಾವ ತಿಂಗಳಲ್ಲಿ ಅಳೆದರು ಎಂಬುದನ್ನು ನಡವಳಿ ಪುಸ್ತಕದಲ್ಲಿ ಬರೆಯಿಸಿರಿ.