ಹೆಚ್ಚು ಓಡಿದ ಕಾರಿಗೂ ಬೆಲೆಯಿದೆ



ನವಿ ಮುಂಬಯಿಯಿಂದ ಮುಂಬಯಿಯ ಆಫೀಸಿಗೆ ಹೋಗಿಬರಲು ನನಗೆ ದಿನಕ್ಕೆ 60 ಕಿಲೋಮೀಟರ್. 250 ಕೆಲಸದ ದಿನವೆಂದರೆ ವರ್ಷಕ್ಕೆ 15,000. ಐದು ವರ್ಷಕ್ಕೆ 75,000.

ಕಾರು ಮಾರಲು ಹೋದಾಗ ದಲ್ಲಾಳಿ ಮೊದಲು ನೋಡಿದ್ದು ಮೀಟರ್. "ತುಂಬಾ ಓಡಿದೆ ಮೇಡಂ" ಎಂದು ಬೆಲೆ ಇಳಿಸಿದ. ಅರ್ಧ ನಿಜ: ಟೈರ್, ಕ್ಲಚ್, ಬ್ರೇಕ್ ಸವೆದಿರುತ್ತವೆ. ಆದರೆ ಹೆದ್ದಾರಿಯಲ್ಲಿ ಸರಾಗವಾಗಿ ಓಡಿದ ಕಾರು, ಸಿಗ್ನಲ್‌ಗಳಲ್ಲಿ ನಿಂತು ನಿಂತು ಓಡಿದ್ದಕ್ಕಿಂತ ಕಡಿಮೆ ಸವೆಯುತ್ತದೆ.

ನಾನು ಸರ್ವಿಸ್ ಬಿಲ್ಲುಗಳ ಫೈಲು ಮುಂದಿಟ್ಟೆ. ಆಯಿಲ್, ಬ್ರೇಕ್ ಪ್ಯಾಡ್ ಬದಲಿಸಿದ ತಾರೀಖುಗಳೆಲ್ಲ ಅದರಲ್ಲಿದ್ದವು. ಮಾತು ಮೀಟರ್ ಬಿಟ್ಟು ಕಾರಿನ ಕಡೆ ತಿರುಗಿತು; ಬೆಲೆಯೂ ಏರಿತು.

ಮೀಟರ್ ಹಿಂದಕ್ಕೆ ತಿರುಗಿಸುವ ಉಪಾಯ ಹೇಳುವವರಿದ್ದಾರೆ. ಅದು ಮೋಸ, ಸರ್ವಿಸ್ ದಾಖಲೆಯಲ್ಲಿ ಹಳೆಯ ಅಂಕಿ ಉಳಿದಿರುತ್ತದೆ.

ಮನೆಯ ಲೆಕ್ಕ ಬರೆದಿಡುವ ನಾವು ಕಾರಿನ ಲೆಕ್ಕವನ್ನೂ ಇಡೋಣ.